ರಾತ್ರಿ ಮಲಗದ ಹಸುಗೂಸು: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮನೆಗೆ ಕೂಸು ಬಂದ ಮೊದಲ ಮೂರು ತಿಂಗಳು ಎಲ್ಲರ ಬಾಯಲ್ಲೂ ಒಂದೇ ಮಾತು: "ಹಗಲೆಲ್ಲಾ ಮಲಗುತ್ತೆ, ರಾತ್ರಿ ಕಣ್ಣು ಮುಚ್ಚೋದೇ ಇಲ್ಲ." ಅಜ್ಜಿಗೆ ದೃಷ್ಟಿಯಾಗಿದೆ ಎನಿಸುತ್ತದೆ. ಅತ್ತೆಗೆ ಹಾಲು ಸಾಲುತ್ತಿಲ್ಲ ಎನಿಸುತ್ತದೆ. ಬಾಣಂತಿಗೆ ತನ್ನಿಂದಲೇ ಏನೋ ತಪ್ಪಾಗುತ್ತಿದೆ ಎನಿಸುತ್ತದೆ. ಬಹುಪಾಲು ಮನೆಗಳಲ್ಲಿ ಕಾರಣ ಈ ಮೂರೂ ಅಲ್ಲ. ಕೂಸಿಗೆ ಇನ್ನೂ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ತಿಳಿದಿಲ್ಲ.

ಗರ್ಭದಲ್ಲಿರುವಾಗ ಮಗುವಿಗೆ ಈ ಸುಳಿವು ತಾಯಿಯ ಮೈಯಿಂದಲೇ ಸಿಗುತ್ತಿರುತ್ತದೆ. ಕತ್ತಲಾದ ಮೇಲೆ ತಾಯಿಯ ಮಿದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ರಕ್ತದ ಮೂಲಕ ಮಗುವನ್ನೂ ತಲುಪುತ್ತದೆ. ಹುಟ್ಟಿದೊಡನೆ ಆ ಪೂರೈಕೆ ನಿಲ್ಲುತ್ತದೆ. ಮಗುವಿನ ಸ್ವಂತ ಮೆಲಟೋನಿನ್ ರಾತ್ರಿಯ ಹೊತ್ತು ಏರತೊಡಗುವುದು ಸುಮಾರು ಎರಡು-ಮೂರು ತಿಂಗಳು ತುಂಬಿದ ಮೇಲೆ. ಈ ನಡುವಿನ ಅವಧಿಯಲ್ಲಿ ಎದೆಹಾಲು ಸ್ವಲ್ಪ ನೆರವಾಗುತ್ತದೆ: ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆಲಸಕ್ಕೆ ಹೋಗುವ ತಾಯಂದಿರು ಹಾಲು ತೆಗೆದಿಡುವಾಗ ಬಾಟಲಿಯ ಮೇಲೆ ಹೊತ್ತನ್ನೂ ಬರೆದಿಟ್ಟು, ಸಂಜೆಯ ಹಾಲನ್ನು ಸಂಜೆಗೇ ಕುಡಿಸುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಎಷ್ಟು ನಿದ್ದೆ, ಎಷ್ಟು ಎಚ್ಚರ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳ ಮಗುವಿಗೆ 12ರಿಂದ 16 ಗಂಟೆ ನಿದ್ದೆ ಬೇಕು. ಇದು ಹಗಲಿನ ನಿದ್ದೆಯೂ ಸೇರಿದ ಲೆಕ್ಕ. ಒಟ್ಟು ಗಂಟೆಗಳು ಸರಿಯಾಗಿದ್ದರೆ ಮಗುವಿಗೆ ನಿದ್ದೆ ಕಡಿಮೆಯಾಗಿಲ್ಲ, ಹಂಚಿಕೆ ಮಾತ್ರ ದೊಡ್ಡವರಿಗೆ ಒಗ್ಗುತ್ತಿಲ್ಲ ಎಂದರ್ಥ. "ರಾತ್ರಿಯಿಡೀ ಮಲಗಿತು" ಎಂಬ ಮಾತಿಗೂ ಒಂದು ಅಳತೆಯಿದೆ. ಶಿಶುಗಳ ನಿದ್ದೆಯನ್ನು ಅಧ್ಯಯನ ಮಾಡುವವರು ನಡುರಾತ್ರಿಯಿಂದ ಬೆಳಗಿನ 5ರವರೆಗೆ ಮಲಗಿದರೆ ಅದನ್ನೇ ರಾತ್ರಿಯಿಡೀ ಮಲಗಿದ ಲೆಕ್ಕಕ್ಕೆ ಹಿಡಿಯುವ ರೂಢಿ ಬಹಳ ಹಿಂದಿನಿಂದ ಇದೆ. ಪಕ್ಕದ ಮನೆಯ ಮಗು ಹತ್ತು ಗಂಟೆ ಒಂದೇ ಸಮನೆ ಮಲಗುತ್ತದೆ ಎಂಬ ಮಾತನ್ನು ಅಷ್ಟು ನಂಬಬೇಕಾಗಿಲ್ಲ.

ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದ್ದು. ಹಸುಗೂಸಿನದ್ದು ಒಂದು ಗಂಟೆಯೂ ಇರುವುದಿಲ್ಲ. ಅದರಲ್ಲಿ ಅರ್ಧದಷ್ಟು ಹಗುರ ನಿದ್ದೆ. ಆ ಹೊತ್ತಿನಲ್ಲಿ ಮಗು ಮುಖ ಕಿವುಚುತ್ತದೆ, ನಗುತ್ತದೆ, ಮುಲುಗುತ್ತದೆ, ಕೈಕಾಲು ಆಡಿಸುತ್ತದೆ, ಒಮ್ಮೊಮ್ಮೆ ಕಣ್ಣನ್ನೂ ತೆರೆಯುತ್ತದೆ. ಎದ್ದೇಬಿಟ್ಟಿತು ಎಂದು ಎತ್ತಿಕೊಂಡರೆ ಆಗ ನಿಜವಾಗಿ ಏಳುತ್ತದೆ. ಮುಲುಗಿದಾಗ ಒಂದೆರಡು ನಿಮಿಷ ಸುಮ್ಮನೆ ನೋಡುವುದು ರಾತ್ರಿಯ ಎಷ್ಟೋ ಎಚ್ಚರಗಳನ್ನು ತಪ್ಪಿಸುತ್ತದೆ. ತುಂಬು ಕುಟುಂಬದಲ್ಲಿ ಇದನ್ನು ಪಾಲಿಸುವುದೇ ಕಷ್ಟ, ಏಕೆಂದರೆ ಎತ್ತಿಕೊಳ್ಳಲು ನಾಲ್ಕು ಜೋಡಿ ಕೈ ಸಿದ್ಧವಾಗಿರುತ್ತವೆ.

ಬಾಣಂತಿ ಕೋಣೆಯ ಕಿಟಕಿ

ಶೀತ, ಗಾಳಿ, ದೃಷ್ಟಿ ಇವೆಲ್ಲದರ ಭಯಕ್ಕೆ ನಮ್ಮಲ್ಲಿ ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿಡುವುದು ವಾಡಿಕೆ. ಹಗಲು ಹನ್ನೊಂದಕ್ಕೂ ಅಲ್ಲಿ ಮಬ್ಬುಗತ್ತಲು, ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಗುವನ್ನು ನೋಡಲು ಬಂದಾಗ ಟ್ಯೂಬ್‌ಲೈಟಿನ ಬೆಳಕು. ಮಗುವಿಗೆ ಹಗಲು-ರಾತ್ರಿ ಕಲಿಸುವ ಮುಖ್ಯ ಗುರು ಬೆಳಕೇ ಆಗಿರುವಾಗ, ಈ ಏರ್ಪಾಡು ಕಲಿಕೆಯನ್ನು ತಡಮಾಡುತ್ತದೆ. ಬೆಳಗ್ಗೆ ಎದ್ದೊಡನೆ ಕಿಟಕಿ ತೆರೆಯಬೇಕು. ನೇರ ಬಿಸಿಲು ಬೇಕಿಲ್ಲ, ಪಡಸಾಲೆಯ ಬೆಳಕು ಸಾಕು. ಹಗಲಿನ ನಿದ್ದೆಯ ಹೊತ್ತಿನಲ್ಲಿ ಮನೆಯ ಸಾಮಾನ್ಯ ಸದ್ದು ಇದ್ದರೆ ತೊಂದರೆಯಿಲ್ಲ, ಮಿಕ್ಸಿ ನಿಲ್ಲಿಸಬೇಕಾಗಿಲ್ಲ. ಸಂಜೆ ಏಳರ ನಂತರ ದೊಡ್ಡ ದೀಪ ಆರಿಸಿ ಮಂದ ಬೆಳಕಿಗೆ ಬರಬೇಕು. ರಾತ್ರಿ ಹಾಲು ಕುಡಿಸುವಾಗಲೂ ಬಟ್ಟೆ ಬದಲಿಸುವಾಗಲೂ ಅದೇ ಮಂದ ದೀಪ, ಕಡಿಮೆ ಮಾತು. ಮಗು ನಡುರಾತ್ರಿ ನಕ್ಕರೆ ಮರಳಿ ನಗಿಸಿ ಆಡಿಸುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಎರಡು ಗಂಟೆಗೆ ಆಟ ಸಿಗುತ್ತದೆ ಎಂದು ಮಗು ಬಹುಬೇಗ ಕಲಿಯುತ್ತದೆ.

ಈ ವಿಷಯದಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಿಗೆ ಒಂದು ಅನುಕೂಲವಿದೆ. ಏಳರ ಹೊತ್ತಿಗೆ ಅಡುಗೆಮನೆಯ ಸದ್ದು ಅಡಗಿರುತ್ತದೆ, ಒಬ್ಬರ ನಂತರ ಒಬ್ಬರಿಗೆ ಬಡಿಸುವ ಗಡಿಬಿಡಿ ಇರುವುದಿಲ್ಲ. ತಾಯಿ, ಅಜ್ಜಿ ಇಬ್ಬರಿಗೂ ಬಿಡುವಿರುತ್ತದೆ. ಆ ಬಿಡುವು ಟಿವಿಯ ಮುಂದೆ ಹೋಗದಿದ್ದರೆ ಮಗುವಿನ ರಾತ್ರಿ ಅಲ್ಲಿಂದಲೇ ಆರಂಭವಾಗಬಹುದು. ಅನಾನುಕೂಲ ಇರುವುದು ಬೆಳಗಿನ ಜಾವದಲ್ಲಿ. ಐದಕ್ಕೇ ಎದ್ದು ಸ್ನಾನ ಮುಗಿಸಿ ಬಸದಿಗೆ ಹೊರಡುವ ಮನೆಯಲ್ಲಿ ದೀಪ, ಪಂಪು, ಕೊಡ-ಬಿಂದಿಗೆಯ ಸದ್ದು ಎಲ್ಲವೂ ಮಗುವಿನ ನಿದ್ದೆ ಹಗುರವಾಗಿರುವ ಹೊತ್ತಿಗೇ ಬರುತ್ತವೆ. ಮಗು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡರೆ ಇನ್ನೊಂದು ಗಂಟೆಯಾದರೂ ಉಳಿಯುತ್ತದೆ.

ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಲೆಕ್ಕದಲ್ಲಿ ಹೇಳಿದೆ. ರಾತ್ರಿ ಆಹಾರ ತ್ಯಾಗ ಪಾಲಿಸುವ ಬಾಣಂತಿಗೆ ಸಂಜೆಯ ಊಟ ನೆಪಮಾತ್ರದ್ದಾಗಬಾರದು, ಬೆಳಗಿನ ಆಹಾರ ತಡವಾಗಬಾರದು. ಅನೇಕ ಹಿರಿಯರು ಬಾಣಂತಿಗೆ ಈ ವಿಷಯದಲ್ಲಿ ವಿನಾಯಿತಿ ಕೊಡುತ್ತಾರೆ. ಮನೆಯಲ್ಲಿ ಗೊಂದಲವಿದ್ದರೆ ಗುರುಗಳನ್ನೂ ವೈದ್ಯರನ್ನೂ ಕೇಳಿ ತೀರ್ಮಾನಿಸಿಕೊಳ್ಳಬಹುದು. ಬಾಣಂತಿ ಒಬ್ಬಳೇ ಹಸಿವು ತಡೆದುಕೊಂಡು ಕೂರುವುದು ಸರಿಯಲ್ಲ.

ಸಂಜೆಯ ಕ್ರಮ

ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ಮಾಡಿಸುವ ಸ್ನಾನದ ನಂತರ ಮಗು ಗಾಢವಾಗಿ ಮಲಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಗಳಲ್ಲಿ ಈ ಸ್ನಾನ ಬೆಳಗ್ಗೆ ಹತ್ತು-ಹನ್ನೊಂದಕ್ಕೆ. ದಿನದ ಅತಿ ಉದ್ದದ ನಿದ್ದೆ ಹೀಗೆ ಹಗಲಿನ ಪಾಲಾಗುತ್ತದೆ. ಸ್ನಾನ ಮಾಡಿಸುವವರು ಬರುವುದೇ ಆ ಹೊತ್ತಿಗೆ ಆದ್ದರಿಂದ ಹೊತ್ತು ಬದಲಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ, ಕೈಕಾಲಿಗೆ ಹಗುರವಾಗಿ ಎಣ್ಣೆ ಸವರಿ, ಸಡಿಲ ಹತ್ತಿಬಟ್ಟೆ ಹಾಕಿ, ಹಾಲು ಕುಡಿಸಿ, ಮೆಲುದನಿಯಲ್ಲಿ ಏನಾದರೂ ಹಾಡಿದರೆ ಸಾಕು. ಪ್ರತಿದಿನ ಅದೇ ಹೊತ್ತಿಗೆ, ಅದೇ ಸರದಿಯಲ್ಲಿ ಇದು ನಡೆಯಬೇಕು ಎಂಬುದೇ ಇಲ್ಲಿ ಮುಖ್ಯ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 405 ತಾಯಂದಿರ ಪೈಕಿ ಒಂದು ಗುಂಪು ಸ್ನಾನ, ಎಣ್ಣೆ ಸವರುವುದು, ಶಾಂತವಾದ ಹಾಡು ಅಥವಾ ಮುದ್ದು ಮಾಡುವುದು ಎಂಬ ಕ್ರಮವನ್ನು ಎರಡು ವಾರ ಪಾಲಿಸಿತು. ಮಕ್ಕಳು ಬೇಗ ಮಲಗಿದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಆ ಮಕ್ಕಳು ಏಳು ತಿಂಗಳು ಮೀರಿದವರು. ಎರಡು ತಿಂಗಳ ಕೂಸಿನಿಂದ ಅಷ್ಟನ್ನೇ ನಿರೀಕ್ಷಿಸಬಾರದು.

ಹಾಡು ಯಾವುದಾದರೂ ನಡೆಯುತ್ತದೆ. ಅನೇಕ ಮನೆಗಳಲ್ಲಿ ಅಜ್ಜಿಯರು ತೊಡೆಯ ಮೇಲೆ ತಟ್ಟುತ್ತಾ ಪಂಚನಮಸ್ಕಾರ ಮಂತ್ರವನ್ನು ಮೆಲ್ಲಗೆ ಹೇಳುತ್ತಾರೆ. ಪ್ರತಿರಾತ್ರಿ ಅದೇ ದನಿ, ಅದೇ ಲಯ ಕೇಳಿದ ಮಗುವಿಗೆ ನಾಲ್ಕೈದು ತಿಂಗಳ ಹೊತ್ತಿಗೆ ಅದು ಮಲಗುವ ಸೂಚನೆಯೇ ಆಗಿಬಿಡುತ್ತದೆ. ಮೊಬೈಲಿನಲ್ಲಿ ಹಾಕುವುದಾದರೆ ಪರದೆ ಕಾಣದಂತೆ, ದನಿ ತಗ್ಗಿಸಿ, ಮಗುವಿನ ಕಿವಿಯಿಂದ ದೂರದಲ್ಲಿಡಬೇಕು.

ದಣಿದಷ್ಟೂ ಚೆನ್ನಾಗಿ ಮಲಗುತ್ತದೆ ಎಂಬ ನಂಬಿಕೆ ದೊಡ್ಡವರಿಗೆ ನಿಜವಿರಬಹುದು, ಕೂಸಿಗೆ ಅಲ್ಲ. ಮೊದಲ ತಿಂಗಳುಗಳಲ್ಲಿ ಒಂದು-ಒಂದೂವರೆ ಗಂಟೆಗಿಂತ ಹೆಚ್ಚು ಎಚ್ಚರವಿದ್ದರೆ ಮಗು ರೇಗತೊಡಗುತ್ತದೆ, ಆಮೇಲೆ ಮಲಗಿಸುವುದು ಇನ್ನೂ ಕಷ್ಟ. ನಾಮಕರಣ, ತೊಟ್ಟಿಲು ಶಾಸ್ತ್ರದ ದಿನದ ರಾತ್ರಿ ಎಲ್ಲ ಮನೆಯಲ್ಲೂ ಇದರ ಅನುಭವವಾಗುತ್ತದೆ. ಕೈಯಿಂದ ಕೈಗೆ ದಾಟಿ, ಫೋಟೋ ಬೆಳಕಿಗೆ ಕಣ್ಣುಜ್ಜಿ, ಧ್ವನಿವರ್ಧಕ ಕೇಳಿ ಬಂದ ಮಗು ಆ ರಾತ್ರಿ ಅಳುವುದಕ್ಕೆ ದೃಷ್ಟಿಯನ್ನು ದೂರಬೇಕಾಗಿಲ್ಲ. ಸಮಾರಂಭದ ನಡುವೆ ಒಂದು ಗಂಟೆ ಒಳಕೋಣೆಯಲ್ಲಿ ಮಲಗಿಸಿದರೆ ಆಯಿತು.

ನಾಲ್ಕು ತಿಂಗಳ ಆಸುಪಾಸಿನಲ್ಲಿ, ಚೆನ್ನಾಗಿ ಮಲಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಗಂಟೆಗೊಮ್ಮೆ ಏಳಬಹುದು. ಆಗ ನಿದ್ದೆಯ ಸ್ವರೂಪ ದೊಡ್ಡವರ ನಿದ್ದೆಯ ಕಡೆಗೆ ತಿರುಗುತ್ತಿರುತ್ತದೆ. ಪ್ರತಿ ಸುತ್ತಿನ ಕೊನೆಗೆ ಎಚ್ಚರವಾಗುವುದು ಎಲ್ಲರಿಗೂ ಸಹಜ. ದೊಡ್ಡವರು ಮಗ್ಗುಲು ಬದಲಿಸಿ ಮರಳಿ ಮಲಗುತ್ತಾರೆ. ಮಗುವಿಗೆ ತಾನು ಹೇಗೆ ಮಲಗಿತ್ತೋ ಆ ಸ್ಥಿತಿಯೇ ಮತ್ತೆ ಬೇಕಾಗುತ್ತದೆ. ತೊಟ್ಟಿಲು ತೂಗುತ್ತಿರುವಾಗ ಮಲಗಿದ ಮಗುವಿಗೆ ಎಚ್ಚರವಾದಾಗಲೂ ತೂಗಬೇಕು, ಎದೆಯಲ್ಲೇ ಮಲಗಿದ ಮಗುವಿಗೆ ಎದೆಯೇ ಬೇಕು. ಇದು ಹಟವಲ್ಲ. ಪೂರ್ತಿ ಮಲಗುವ ಮುಂಚೆ, ಕಣ್ಣು ಮಂಪರಾಗಿರುವಾಗಲೇ ಹಾಸಿಗೆಗೆ ಇಳಿಸಿ, ಎದೆಯ ಮೇಲೆ ಕೈಯಿಟ್ಟು ತಟ್ಟಿ, ದಿನದಿಂದ ದಿನಕ್ಕೆ ತಟ್ಟುವುದನ್ನು ಕಡಿಮೆ ಮಾಡುವುದು ಇದಕ್ಕೆ ಸೌಮ್ಯವಾದ ದಾರಿ. ಅಮೆರಿಕದ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇನ್ನೊಂದು ವಿಧಾನ ಹೆಸರಾಯಿತು: ಮಗುವನ್ನು ಮಲಗಿಸಿ ಹೊರಬಂದು, ಅತ್ತರೆ ಮೊದಲು ಕೆಲವು ನಿಮಿಷ, ಆಮೇಲೆ ಇನ್ನಷ್ಟು ನಿಮಿಷ ಬಿಟ್ಟು ಹೋಗಿ ಸಮಾಧಾನ ಮಾಡುವುದು. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಇದು ಬೇಡ. ಒಂದೇ ಸೂರಿನಡಿ ಹತ್ತು ಜನರಿರುವ ಮನೆಯಲ್ಲಿ ನಡೆಯುವುದೂ ಇಲ್ಲ, ಮೂರನೆಯ ನಿಮಿಷಕ್ಕೆ ಅಜ್ಜ ಬಾಗಿಲು ತೆರೆದಿರುತ್ತಾರೆ.

ಹಸಿವು, ಮತ್ತು ನಿದ್ದೆಗೆಂದು ಕೊಡುವ ಪದಾರ್ಥಗಳು

ಎಳೆಗೂಸು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ರಾತ್ರಿ ಎರಡು-ಮೂರು ಸಲ ಏಳುವುದು ಅದರ ಅಗತ್ಯ. ಸಂಜೆಯ ಹೊತ್ತು ಅರ್ಧ ಗಂಟೆಗೊಮ್ಮೆ ಹಾಲಿಗೆ ಹಟ ಹಿಡಿಯುವುದೂ ಸಾಮಾನ್ಯ, ಅದು ಹಾಲು ಸಾಲದ್ದಕ್ಕೆ ಸಾಕ್ಷಿಯಲ್ಲ. ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತಾಯಿ ಕಾರ್ಡಿನಲ್ಲಿ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ಆದರೂ ಹೊಟ್ಟೆ ಭಾರವಾದರೆ ಮಲಗೀತು ಎಂದು ಮೂರನೆಯ ತಿಂಗಳಿಗೇ ರಾಗಿ ಸರಿ, ಬಿಸ್ಕತ್ತು ಕಲಸಿದ ಹಾಲು ಕೊಡುವವರಿದ್ದಾರೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಮೂರು ತಿಂಗಳಿಂದಲೇ ಆಹಾರ ಆರಂಭಿಸಿದ ಮಕ್ಕಳು ಹೆಚ್ಚು ಮಲಗಿದ್ದು ನಿಜ. ಆ ಹೆಚ್ಚಳ ಗರಿಷ್ಠವೆಂದರೆ ರಾತ್ರಿಗೆ ಸುಮಾರು 17 ನಿಮಿಷ. ಕಾಲು ಗಂಟೆಯ ನಿದ್ದೆಗಾಗಿ ಎಳೆಯ ಹೊಟ್ಟೆಗೆ ಭೇದಿಯ ಅಪಾಯ ತಂದುಕೊಳ್ಳುವುದು ನಮ್ಮ ನೀರು, ನಮ್ಮ ಹವೆಯಲ್ಲಿ ಲಾಭದ ವ್ಯಾಪಾರವಲ್ಲ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹಾಗೆಯೇ ಇದೆ.

ಜಾಯಿಕಾಯಿ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ನಿದ್ದೆ ಬರುವುದೂ ಸುಳ್ಳಲ್ಲ. ಆದರೆ ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ಪ್ರಮಾಣ ಮೀರಿದರೆ ವಿಷವಾಗುತ್ತದೆ, ಮಂಪರು ನಿದ್ದೆಯಾಗಿ ಉಳಿಯದೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ತೇಯುವ ಕಲ್ಲಿನ ಮೇಲೆ ಎರಡು ಸುತ್ತೋ ಐದು ಸುತ್ತೋ ಎಂಬುದು ಮೂರು ಕಿಲೋ ತೂಕದ ಮೈಗೆ ದೊಡ್ಡ ವ್ಯತ್ಯಾಸ. ಬಜೆ ಬೇರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಇವನ್ನು ಜೇನಿನಲ್ಲಿ ತೇಯ್ದು ಕೊಡುವುದಂತೂ ಕೂಡದು. ಜೈನರ ಮನೆಯಲ್ಲಿ ಜೇನು ಇರುವುದಿಲ್ಲವಾದರೂ ಸ್ನಾನ ಮಾಡಿಸಲು ಬಂದವರು, ನೆರೆಯವರು ತಂದುಕೊಟ್ಟ ಔಷಧಿಯಲ್ಲಿ ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬೊಟುಲಿಸಂ ಎಂಬ, ಸ್ನಾಯುಗಳು ಸೋಲುವ ಕಾಯಿಲೆ ಬರುತ್ತದೆ.

ಇನ್ನೊಂದು ಅಪಾಯ ಔಷಧಿ ಅಂಗಡಿಯಿಂದ ಬರುತ್ತದೆ. ಶೀತದ ಸಿರಪ್ ಕುಡಿಸಿದರೆ ಮಗು ಮಲಗುತ್ತದೆ ಎಂದು ಅನೇಕರು ಕಂಡುಕೊಂಡಿದ್ದಾರೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಇಂಥ ಔಷಧಿಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ.

ಮಲಗುವ ಜಾಗ

ಮೇಲಿನದೆಲ್ಲ ನಿದ್ದೆ ಹೆಚ್ಚು ಕಡಿಮೆಯಾಗುವ ಮಾತು. ಇದು ಪ್ರಾಣದ ಮಾತು. ಆರೋಗ್ಯವಾಗಿದ್ದ ಮಗು ನಿದ್ದೆಯಲ್ಲೇ ತೀರಿಕೊಳ್ಳುವ ಘಟನೆಗಳು ಹೆಚ್ಚಾಗಿ ಕಾಣುವುದು ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ. 1990ರ ದಶಕದ ಆರಂಭದಲ್ಲಿ ಬ್ರಿಟನ್, ನ್ಯೂಜಿಲೆಂಡ್, ಅಮೆರಿಕ ಮೊದಲಾದ ದೇಶಗಳು ಮಗುವನ್ನು ಬೋರಲಾಗಿ ಮಲಗಿಸಬೇಡಿ, ಅಂಗಾತವಾಗಿ ಮಲಗಿಸಿ ಎಂದು ಪ್ರಚಾರ ಮಾಡಿದವು. ಆ ಒಂದು ಬದಲಾವಣೆಯಿಂದ ಇಂಥ ಸಾವುಗಳು ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಬೋರಲು ಮಲಗಿದ ಮಗು ಗಾಢವಾಗಿ ಮಲಗುತ್ತದೆ ಎಂಬುದೇ ಅಪಾಯದ ಮೂಲ. ಉಸಿರಿಗೆ ತೊಡಕಾದಾಗ ಎಚ್ಚರವಾಗಬೇಕಾದ ಮಗು ಏಳುವುದಿಲ್ಲ. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತು ಎಂಬ ಭಯ ಹಿರಿಯರಲ್ಲಿದೆ. ಆರೋಗ್ಯವಂತ ಮಗುವಿನಲ್ಲಿ ಹಾಗಾಗುವುದಿಲ್ಲ: ಆ ಭಂಗಿಯಲ್ಲಿ ಶ್ವಾಸನಾಳ ಅನ್ನನಾಳದ ಮೇಲ್ಗಡೆ ಇರುತ್ತದೆ, ಮೇಲೆ ಬಂದ ಹಾಲನ್ನು ಮಗು ನುಂಗುತ್ತದೆ ಇಲ್ಲವೇ ಉಗುಳುತ್ತದೆ.

ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು. ಮೆತ್ತನೆಯ ಫೋಮ್ ಹಾಸಿಗೆಗಿಂತ ಚಾಪೆಯ ಮೇಲೆ ಬಿಗಿಯಾಗಿ ಹಾಸಿದ ತೆಳು ದುಪ್ಪಟಿಯೇ ಮೇಲು. ತಲೆ ದುಂಡಾಗಲೆಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬು ನಿದ್ದೆಯ ಹೊತ್ತಿನಲ್ಲಿ ಬೇಡ. ತಲೆಯ ಆಕಾರಕ್ಕೆ ಹಗಲು ಎಚ್ಚರವಿರುವಾಗ ಎದುರಲ್ಲಿ ಕೂತು ಬೋರಲು ಮಲಗಿಸಿ ಆಡಿಸಿದರೆ ಸಾಕು. ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಕುತ್ತಿಗೆ ನಿಲ್ಲದ ಮಗುವಿಗೆ ಉಸಿರಿನ ದಾರಿ ಕಿರಿದಾಗುತ್ತದೆ. ಹಗಲಲ್ಲಿ ಕಣ್ಣೆದುರು ಸ್ವಲ್ಪ ಹೊತ್ತು ತೂಗಿ, ಮಲಗಿದ ಮೇಲೆ ಹಾಸಿಗೆಗೆ ಬದಲಿಸುವುದು ಒಳ್ಳೆಯದು. ರಾತ್ರಿಯಿಡೀ ಅಲ್ಲೇ ಬಿಡಬಾರದು. ತಳ ಗಟ್ಟಿಯಿರುವ ಮರದ ತೊಟ್ಟಿಲಿಗೆ ಈ ದೋಷವಿಲ್ಲ. ಕತ್ತಿನ ದಾರ, ಸರ ರಾತ್ರಿ ತೆಗೆದಿಡಬೇಕು. ಒಳಗೆ ಮಲಗಿರುವಾಗ ಕುಲಾವಿ, ಉಣ್ಣೆಯ ಟೊಪ್ಪಿಗೆ ಬೇಡ. ಎಳೆಗೂಸಿನ ಮೈಯ ಬಿಸಿ ಹೆಚ್ಚಾಗಿ ತಲೆಯಿಂದಲೇ ಹೊರಹೋಗಬೇಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿ ಬೆವರಿದ್ದರೆ ಒಂದು ಪದರ ಬಟ್ಟೆ ಕಡಿಮೆ ಮಾಡಬೇಕು. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಎರಡೂ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು, ಸೊಳ್ಳೆಪರದೆ ಸಾಕು.

ಮೊದಲ ಆರು ತಿಂಗಳಾದರೂ ಮಗು ತಾಯಿಯ ಕೋಣೆಯಲ್ಲೇ, ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಸುರಕ್ಷಿತ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ನಮ್ಮಲ್ಲಿ ಪಕ್ಕದಲ್ಲೇ ಮಲಗಿಸಿಕೊಳ್ಳುವುದು ರೂಢಿ. ಹಾಗಿದ್ದಲ್ಲಿ ದೊಡ್ಡವರ ದಿಂಬು, ರಗ್ಗು ಮಗುವಿನಿಂದ ದೂರವಿರಲಿ, ನಿದ್ದೆಯ ಮಾತ್ರೆ ತೆಗೆದುಕೊಂಡವರು ಪಕ್ಕದಲ್ಲಿ ಇರದಿರಲಿ. ಸೋಫಾದ ಮೇಲೆ ಮಗುವನ್ನು ಎದೆಗವುಚಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯ.

ತಾಯಿಯ ನಿದ್ದೆ, ಮತ್ತು ವೈದ್ಯರು

ಮಗುವಿನ ಅಳು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ವಾರಗಳನ್ನು ತಾಯಿ ಒಬ್ಬಳೇ ದಾಟಬಾರದು. ರಾತ್ರಿ ಒಂಬತ್ತರಿಂದ ಒಂದರವರೆಗೆ ಮಗುವನ್ನು ತಂದೆಯೋ ಅಜ್ಜಿಯೋ ನೋಡಿಕೊಂಡು, ಹಾಲಿಗೆ ಮಾತ್ರ ತಾಯಿಯನ್ನು ಎಬ್ಬಿಸಿ, ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಇವರೇ ಮಾಡಿದರೆ ಆಕೆಗೆ ನಾಲ್ಕು ಗಂಟೆಯಾದರೂ ಸಿಗುತ್ತದೆ. ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದೆ ಸಿಟ್ಟು ನೆತ್ತಿಗೇರಿದರೆ ಮಗುವನ್ನು ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬರುವುದರಲ್ಲಿ ತಪ್ಪಿಲ್ಲ. ಮಗುವನ್ನು ಎಂದೂ ಕುಲುಕಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು, ಎರಡು ವಾರ ಮೀರಿದರೂ ಅಳು ನಿಲ್ಲದಿರುವುದು, ಮಗುವಿನ ಮೇಲೆ ಮನಸ್ಸೇ ಬಾರದಿರುವುದು ಬಾಣಂತನದ ಖಿನ್ನತೆಯ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಮಲಗದ ಮಗುವಿಗಿಂತ ಅತಿಯಾಗಿ ಮಲಗುವ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಎಬ್ಬಿಸಿದರೂ ಏಳದೆ, ಎರಡು ಸಲ ಹಾಲು ಬಿಟ್ಟ ಕೂಸನ್ನು ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಉಸಿರಾಡುವಾಗ ಪಕ್ಕೆ ಒಳಸೇರುವುದು, ಹಸಿರು ವಾಂತಿ ಇವಕ್ಕೂ ಇದೇ ಮಾತು. ಆರು ತಿಂಗಳ ನಂತರ ಮಗು ಮಂಕಾಗಿ, ನಗು ಕಡಿಮೆಯಾಗಿ, ಕಲಿತ ಆಟ ಮರೆತು, ಕೈ ನಡುಗತೊಡಗಿದರೆ ವಿಟಮಿನ್ ಬಿ12 ಕೊರತೆಯನ್ನು ಪರೀಕ್ಷಿಸಬೇಕು. ತಲೆಮಾರುಗಳಿಂದ ಸಸ್ಯಾಹಾರಿಗಳಾದ ತಾಯಂದಿರಲ್ಲಿ ಈ ಕೊರತೆ ಸಾಮಾನ್ಯ, ಹಾಲು ಮೊಸರು ಬಳಸುವವರಲ್ಲೂ ಇರಬಹುದು, ಎದೆಹಾಲಿನ ಮೂಲಕ ಅದು ಮಗುವಿಗೂ ದಾಟುತ್ತದೆ. ಗರ್ಭಿಣಿಯಾಗಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ತೆಗೆದುಕೊಂಡರೆ ಇದನ್ನು ಪೂರ್ತಿ ತಪ್ಪಿಸಬಹುದು.

ಬರೀ ನಿದ್ದೆಯ ವಿಷಯಕ್ಕೇ ವೈದ್ಯರ ಬಳಿ ಹೋಗುವುದಾದರೆ ಮೂರು ದಿನ ಒಂದು ಹಾಳೆಯಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಹಾಲು ಕುಡಿದ ಹೊತ್ತು ಬರೆದಿಟ್ಟುಕೊಂಡು ಹೋಗುವುದು ಒಳ್ಳೆಯದು. ಇಡೀ ರಾತ್ರಿ ಮಲಗಲೇ ಇಲ್ಲ ಎಂಬ ದೂರಿನಿಂದ ವೈದ್ಯರಿಗೆ ತಿಳಿಯದ್ದು ಆ ಹಾಳೆಯಿಂದ ತಿಳಿಯುತ್ತದೆ.